ಗದಗ ನೋಡಲು ಕರೆದ ಕರಪತ್ರ: ಫೋಟೋಕ್ಕೆ ಐದು, ದಾರಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಇದು ಗದಗ ಊರಿನ ವಿಮರ್ಶೆ ಅಲ್ಲ. ಊರಿಗೆ ನಾನು ಯಾವತ್ತೋ ಪೂರ್ತಿ ಮಾರ್ಕ್ಸ್ ಕೊಟ್ಟು ಮುಗಿಸಿದ್ದೇನೆ. ಇದು ಗದಗಿಗೆ ಬನ್ನಿ ಎಂದು ಹೊರಗಿನವರನ್ನು ಕರೆಯುವ ಒಂದು ಕರಪತ್ರದ ವಿಮರ್ಶೆ. ಹೊಳೆಯುವ ದಪ್ಪ ಕಾಗದ, ಆರು ಮಡಿಕೆ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್, ಕೊನೆಯ ಮಡಿಕೆಯಲ್ಲಿ ಒಂದು ನಕ್ಷೆ, ಮೂಲೆಯಲ್ಲಿ ಕ್ಯೂಆರ್ ಕೋಡ್. ಹುಬ್ಬಳ್ಳಿಯಲ್ಲಿ ಒಂದು ವಸ್ತುಪ್ರದರ್ಶನದ ಮಳಿಗೆಯಲ್ಲಿ ಪುಕ್ಕಟೆ ಸಿಕ್ಕಿತು. ಪ್ರವಾಸಿಗರನ್ನು ಸೆಳೆಯುವ ಕೆಲಸಕ್ಕೆಂದೇ ಇರುವ ಒಂದು ಮಂಡಳಿ ಮಾಡಿಸಿದ್ದು. ಹೆಸರು ಬೇಡ. ಹೆಸರು ಹಾಕಿದರೆ ಮಾತು ಆ ಕಡೆ ತಿರುಗಿ, ಯಾರು ಒಳ್ಳೆಯವರು ಯಾರು ಕೆಟ್ಟವರು ಎಂಬ ಜಗಳ ಶುರುವಾಗುತ್ತದೆ.

ಸಂಕ್ರಾಂತಿ ಮುಗಿದ ಮೇಲೆ ಮೈಸೂರಿನಿಂದ ಅಕ್ಕ, ಭಾವ, ಅವರ ಮಗ ಬಂದಿದ್ದರು. ಹುಡುಗ ಐದನೇ ಕ್ಲಾಸು. ಮನೆಯಲ್ಲಿ ಚಿಗವ್ವ ಹೇಗೂ ಇದ್ದಳು. ಶನಿವಾರ ಎಲ್ಲಾದರೂ ಹೋಗೋಣ ಎಂದಾಗ ಭಾವ ಟೇಬಲ್ ಮೇಲಿದ್ದ ಈ ಕರಪತ್ರ ಎತ್ತಿಕೊಂಡು ಅಗಲಿಸಿ ನೋಡಿದರು. ಅವರಿಗೆ ಲಕ್ಕುಂಡಿಯ ಮುಸುಕಿನ ಬಾವಿಯ, ಅಂದರೆ ಮೆಟ್ಟಿಲಿಳಿದು ಹೋಗುವ ಹಳೆಯ ಕಲ್ಲು ಬಾವಿಯ ಫೋಟೋ ಹಿಡಿಸಿಬಿಟ್ಟಿತು. 'ಇದರಲ್ಲಿ ಎಲ್ಲಾ ಇದೆಯಲ್ಲ, ಇದನ್ನೇ ಹಿಡ್ಕೊಂಡು ಹೋಗೋಣ' ಎಂದರು. ನನಗೆ ಗದಗ ಗೊತ್ತು, ದಾರಿಯೂ ಗೊತ್ತು. ಆದರೂ ಸುಮ್ನೆ ಇದ್ದುಬಿಡೋಣ ಅನ್ನಿಸಿತು. ಗೊತ್ತಿಲ್ಲದವರು ಈ ಕಾಗದ ನಂಬಿಕೊಂಡು ಹೊರಟರೆ ಏನಾಗುತ್ತದೆ ನೋಡೋಣ ಎಂದು ಒಂದಿಡೀ ದಿನ ಬಾಯಿ ಮುಚ್ಚಿಕೊಂಡು ಅವರ ಹಿಂದೆ ನಡೆದೆ. ಪೂರ್ತಿ ಮುಚ್ಚಿಕೊಂಡಿರಲು ಆಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಫೋಟೋಗಳಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವು ನಿಜಕ್ಕೂ ಚೆನ್ನಾಗಿವೆ. ಬೆಳಗಿನ ಬಿಸಿಲಿನಲ್ಲಿ ತೆಗೆದಿದ್ದಾರೆ, ಕಲ್ಲಿನ ಕೆತ್ತನೆಯ ನೆರಳು ಎದ್ದು ಕಾಣುತ್ತದೆ. ಚಿಗವ್ವ ಕನ್ನಡಕ ಹಾಕಿಕೊಂಡು ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡದ ಚಿತ್ರವನ್ನು ಬೆರಳಿನಿಂದ ಸವರಿ ನೋಡಿದಳು. ಅವಳು ಕಾಶಿಗೆ ಒಂದಲ್ಲ ಎರಡು ಸಲ ಹೋಗಿ ಬಂದವಳು, ಲಕ್ಕುಂಡಿಯ ಕಾಶಿವಿಶ್ವನಾಥನನ್ನು ಒಮ್ಮೆಯೂ ನೋಡಿಲ್ಲ. ಹುಬ್ಬಳ್ಳಿಯಿಂದ ಗದಗ ಹೆಚ್ಚೆಂದರೆ 60 ಕಿ.ಮೀ., ಅಲ್ಲಿಂದ ಲಕ್ಕುಂಡಿ ಇನ್ನೊಂದು ಹನ್ನೆರಡು. ನಮ್ಮ ಕಡೆಯ ಬಹಳ ಮಂದಿಯ ಕಥೆ ಇದೇ ಅಲ್ವಾ? ಅವಳನ್ನು ಎಬ್ಬಿಸಿ ಹೊರಡಿಸಿದ್ದು ಈ ಚಿತ್ರ. ಅಷ್ಟರ ಮಟ್ಟಿಗೆ ಕರಪತ್ರ ಗೆದ್ದಿದೆ, ಒಪ್ಪುತ್ತೇನೆ.

ಆದರೆ ಓದಲು ಹೋದರೆ ಬೇಜಾರು. ರೈಲಿನಲ್ಲಿ ಕುಳಿತು ಹುಡುಗ ಕನ್ನಡದ ಕಡೆಯನ್ನು ಜೋರಾಗಿ ಓದತೊಡಗಿದ. 'ಕಣ್ಮನ ಸೆಳೆಯುವ' ಎಂದು ಬಂದಾಗಲೆಲ್ಲ ಒಂದೊಂದು ಬೆರಳು ಮಡಚಿದ. ಅಣ್ಣಿಗೇರಿ ಬರುವಷ್ಟರಲ್ಲಿ ಒಂದು ಕೈ ಮುಗಿದು ಇನ್ನೊಂದು ಕೈಯಲ್ಲಿ ನಾಲ್ಕು ಆಗಿತ್ತು. ಒಂಬತ್ತು ಕಣ್ಮನ! ತ್ರಿಕೂಟೇಶ್ವರವೂ ಶಿಲ್ಪಕಲೆಯ ತವರು, ಲಕ್ಕುಂಡಿಯೂ ಶಿಲ್ಪಕಲೆಯ ತವರು, ಡಂಬಳವೂ ಅದೇ, ಲಕ್ಷ್ಮೇಶ್ವರವೂ ಅದೇ. ಶಿಲ್ಪಕಲೆಗೆ ಎಷ್ಟು ತವರುಮನೆ ಮಾರಾಯ್ರೇ? ಎಲ್ಲ ಗುಡಿಗೂ ಒಂದೇ ಮಾತು ಹೇಳಿದರೆ, ಒಂದು ನೋಡಿದರೆ ಸಾಕು ಎಂದು ಜನ ಮನೆಗೆ ಹೋಗುತ್ತಾರೆ. ಭಾವ ಹಾಗೇ ಅಂದರು ಕೂಡ. 'ನಾಲ್ಕೂ ಒಂದೇ ಥರ ಇದ್ರೆ ಹತ್ತಿರದ್ದು ಒಂದು ನೋಡಿದ್ರೆ ಆಯ್ತಲ್ಲ.'

ಒಂದೇ ಥರ ಇಲ್ಲವೇ ಇಲ್ಲ, ನನ್ನ ಸಿಟ್ಟು ಇರುವುದೇ ಅಲ್ಲಿ. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ ಇವೆ, ಹೆಸರು ಬಂದಿದ್ದೇ ಅದರಿಂದ. ಅದೇ ಆವರಣದಲ್ಲಿ ಇರುವ ಸರಸ್ವತಿ ಗುಡಿಯಲ್ಲಿ ನೋಡಬೇಕಾದದ್ದು ಕಂಬಗಳನ್ನು. ಬಂಗಾರದ ಕೆಲಸದವರು ಕೂತು ಕೊರೆದ ಹಾಗೆ ಇವೆ. ಡಂಬಳದ ದೊಡ್ಡಬಸಪ್ಪ ಗುಡಿಯ ತಳ 24 ಮೂಲೆಯ ನಕ್ಷತ್ರ. ಸುತ್ತು ಹಾಕುತ್ತ ಹೋದರೆ ಗೋಡೆ ಮಡಚಿ ಬಿಚ್ಚಿದ ಹಾಗೆ ಮೂಲೆ ಮೇಲೆ ಮೂಲೆ ಬರುತ್ತಲೇ ಇರುತ್ತದೆ, ಗೋಡೆ ನೆಟ್ಟಗೆ ಓಡುವುದೇ ಇಲ್ಲ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯಲ್ಲಿ ಒಂದು ಕಡೆ ಶಿವ, ಎದುರಿಗೆ ಸೂರ್ಯನಿಗೆ ಇನ್ನೊಂದು ಗುಡಿ, ಎರಡೂ ಒಂದನ್ನೊಂದು ನೋಡುತ್ತ ನಿಂತಿವೆ. ಇಷ್ಟು ಹೇಳಲು ಗುಡಿಗೆ ಎರಡೆರಡು ಸಾಲು ಸಾಕಿತ್ತು. ಕಣ್ಮನಗಳನ್ನು ತೆಗೆದಿದ್ದರೆ ಜಾಗವೂ ಸಿಗುತ್ತಿತ್ತು.

ಇನ್ನೊಂದು ತಮಾಷೆ ಆಮೇಲೆ ಗೊತ್ತಾಯಿತು. ಅಕ್ಕ ಕಾಗದ ತಿರುಗಿಸಿ ಇಂಗ್ಲಿಷ್ ಕಡೆ ನೋಡಿದಳು. ಅಲ್ಲಿ ಪ್ರತಿ ಊರಿನ ಕೆಳಗೆ ಗದಗಿನಿಂದ ಎಷ್ಟು ದೂರ ಎಂದು ಕಿಲೋಮೀಟರ್ ಬರೆದಿದ್ದಾರೆ. ಕನ್ನಡದ ಕಡೆ ಅದೇ ಜಾಗದಲ್ಲಿ ಒಂದು ಸಾಲು ಹೊಗಳಿಕೆ. ಅಂದರೆ ಕನ್ನಡ ಓದುವವರಿಗೆ ದೂರ ಬೇಡ, ಹೆಮ್ಮೆ ಸಾಕು ಎಂದುಕೊಂಡಿದ್ದಾರೋ ಏನೋ. ಚಿಗವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ಅಕ್ಕನ ಕೈಯಲ್ಲಿ ಓದಿಸಿಕೊಂಡು ಪೆನ್ನು ತೆಗೆದು ಕನ್ನಡದ ಕಡೆ ತಾನೇ ಬರೆದುಕೊಂಡಳು, ಲಕ್ಕುಂಡಿ 12, ಡಂಬಳ 20 ಎಂದು.

ತಪ್ಪಕ್ಷರಗಳ ಬಗ್ಗೆ ಬರೆಯಬಾರದು ಎಂದಿದ್ದೆ, ಆದರೆ ಬಿಡಲಾಗುತ್ತಿಲ್ಲ. ಗದಗನ್ನು ಮುದ್ರಣ ಕಾಶಿ ಎನ್ನುತ್ತಾರೆ. ನಮ್ಮ ಕಡೆ ಕ್ಯಾಲೆಂಡರು, ಶಾಲೆಯ ಪುಸ್ತಕ, ಮದುವೆ ಕಾರ್ಡು ಎಂದರೆ ಗದಗಿನ ಪ್ರೆಸ್ಸು ನೆನಪಾಗುವ ಕಾಲ ಇತ್ತು. ಅಂಥ ಊರನ್ನು ಹೊಗಳುವ ಕಾಗದದಲ್ಲಿ ಲಕ್ಕುಂಡಿ ಒಂದು ಕಡೆ 'ಲಕ್ಕುಂಡಿ', ಇನ್ನೊಂದು ಕಡೆ 'ಲಕುಂಡಿ'. ಅತ್ತಿಮಬ್ಬೆ ಪಾಪ 'ಅತ್ತಿಮಬ್ಬ' ಆಗಿದ್ದಾಳೆ. ಕ್ಯೂಆರ್ ಕೋಡ್ ಹಿಡಿದರೆ ಪುಟ ತೆರೆಯುವುದಿಲ್ಲ. ಭಾವ ಮೂರು ಸಲ ಮೊಬೈಲು ಅಲ್ಲಾಡಿಸಿ ನೋಡಿದರು, ಮೊಬೈಲಿನ ತಪ್ಪಲ್ಲ. ಕೆಳಗೆ ಒಂದು ಫೋನ್ ನಂಬರ್ ಇತ್ತು. ರೈಲಿನಿಂದಲೇ ಮಾಡಿದೆವು. ಎತ್ತಿದವರು ಪಾಪ ಸಮಾಧಾನದ ಮನುಷ್ಯ. 'ಇವತ್ತ ಶನಿವಾರ ಐತಲ್ರಿ, ಸೋಮವಾರ ಮಾಡ್ರಿ, ಸಾಹೇಬ್ರ ಇರ್ತಾರ' ಎಂದರು. ಪ್ರವಾಸಕ್ಕೆ ಜನ ಹೋಗುವುದೇ ಶನಿವಾರ ಭಾನುವಾರ ಅಲ್ವಾ ಎಂದು ಭಾವ ಕೇಳಿದ್ದಕ್ಕೆ, 'ಅದೂ ಖರೇನ ಬಿಡ್ರಿ' ಎಂದು ಇಟ್ಟುಬಿಟ್ಟರು.

ಗದಗ ಜಂಕ್ಷನ್ನಿನಲ್ಲಿ ಇಳಿದಾಗ ನಾನು ಮೊದಲ ಸಲ ಬಾಯಿ ಬಿಟ್ಟೆ. ಭೀಮಸೇನ ಜೋಶಿ ಹುಡುಗನಾಗಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋಗಿದ್ದು ಈ ಊರಿನಿಂದಲೇ, ಸರಿಸುಮಾರು ನಿನ್ನ ವಯಸ್ಸಿನಲ್ಲಿ ಎಂದು ಹುಡುಗನಿಗೆ ಹೇಳಿದೆ. ಅವನು ಹಳಿಗಳನ್ನು ನೋಡಿದ, ಆಮೇಲೆ ಅಮ್ಮನನ್ನು ನೋಡಿದ. ಅಕ್ಕ ನನ್ನನ್ನು ನೋಡಿದ ರೀತಿ ಬೇರೆಯೇ ಇತ್ತು. ಕರಪತ್ರದಲ್ಲಿ ಭೀಮಸೇನ ಜೋಶಿಯವರ ಹೆಸರು ಇದೆ, 'ಗದಗಿನ ಹೆಮ್ಮೆಯ ಪುತ್ರರು' ಎಂಬ ಪಟ್ಟಿಯಲ್ಲಿ ಇನ್ನೂ ಹತ್ತು ಹೆಸರುಗಳ ನಡುವೆ. ಪಟ್ಟಿ ಓದಿ ಯಾರಾದರೂ ರೈಲು ಹತ್ತುತ್ತಾರೆಯೇ? ಓಡಿಹೋದ ಹುಡುಗನ ಕಥೆ ಕೇಳಿ ಹತ್ತಬಹುದು.

ಸ್ಟೇಷನ್ನಿನ ಹೊರಗೆ ಭಾವ ನಕ್ಷೆ ಬಿಚ್ಚಿ ಆಟೋದ ಬಾನೆಟ್ಟಿನ ಮೇಲೆ ಹಾಸಿದರು. ನಕ್ಷೆಯಲ್ಲಿ ರಸ್ತೆಯೇ ಇಲ್ಲ. ಗದಗ ಎಂದು ನಡುವೆ ಒಂದು ಕೆಂಪು ಚುಕ್ಕೆ, ಸುತ್ತ ಗುಡಿಗಳ ಪುಟ್ಟ ಪುಟ್ಟ ಚಿತ್ರಗಳು, ಜಾತ್ರೆಯ ಬೊಂಬೆ ಅಂಗಡಿಯ ಹಾಗೆ. ಆಟೋದವರು ಒಂದು ನಿಮಿಷ ನೋಡಿ, 'ಅಣ್ಣಾರ, ಅದನ್ನ ಒಳಗ ಇಡ್ರಿ. ಎಲ್ಲಿ ಹೋಗಬೇಕ್ರಿ, ಅಷ್ಟ ಹೇಳ್ರಿ' ಎಂದರು. ಆಮೇಲೆ ಅವರೇ ದಿನದ ಲೆಕ್ಕ ಹಾಕಿಕೊಟ್ಟರು. ಈಗ ಗುಡಿ ತೆಗೆದಿರುತ್ತದೆ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೆ ಮೊದಲು ವೀರನಾರಾಯಣ, ಆಮೇಲೆ ತ್ರಿಕೂಟೇಶ್ವರ, ಅದು ಮುಗಿಸಿ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ, ಅಲ್ಲಿಂದ ಕೊಪ್ಪಳದ ಕಡೆ ಹೋಗುವ ಬಸ್ಸು ಹತ್ತಿ ಲಕ್ಕುಂಡಿಯಲ್ಲಿ ಇಳಿಯಿರಿ, ಎಲ್ಲ ಎಕ್ಸ್‌ಪ್ರೆಸ್ಸೂ ನಿಲ್ಲುವುದಿಲ್ಲ, ಕೇಳಿಯೇ ಹತ್ತಿ. ಒಂದೇ ಉಸಿರಿನಲ್ಲಿ ಹೇಳಿದರು. ಇಷ್ಟನ್ನೇ ಅಲ್ವಾ ಆ ಆರು ಮಡಿಕೆಯ ಕಾಗದ ಹೇಳಬೇಕಾಗಿದ್ದು? ಕಾಗದದಲ್ಲಿ ಗುಡಿ ತೆಗೆಯುವ ಹೊತ್ತು ಇಲ್ಲ, ಬಸ್ಸಿನ ಮಾತಿಲ್ಲ, ಶೌಚಾಲಯ ಎಲ್ಲಿದೆ ಎಂದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೊರಟವರಿಗೆ ಕೊನೆಯದು ಎಲ್ಲಕ್ಕಿಂತ ಮುಖ್ಯ.

ವೀರನಾರಾಯಣ ಗುಡಿಯಲ್ಲಿ ಒಂದು ಕಂಬ ಇದೆ. ಕುಮಾರವ್ಯಾಸ ಅಲ್ಲೇ ಕುಳಿತು ಭಾರತ ಬರೆದ ಎನ್ನುತ್ತಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತಿದ್ದನಂತೆ, ಬಟ್ಟೆ ಆರುವವರೆಗೆ ಮಾತ್ರ ಕವಿತೆ ಹರಿಯುತ್ತಿತ್ತಂತೆ. ನಿಜವೋ ಕಥೆಯೋ ಬಿಡಿ, ಊರವರು ನೂರಾರು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಚಿಗವ್ವ ಕಂಬದ ಬುಡದಲ್ಲಿ ಕುಳಿತು ಸೆರಗಿನ ತುದಿ ಹಿಡಿದುಕೊಂಡಳು. 'ಒಂದು ಸೀರಿ ಆರಬೇಕಂದ್ರ ಎಷ್ಟ ಹೊತ್ತು ಬೇಕು? ಬಿಸಲಾಗ ಇಟ್ರ ಅರ್ಧ ತಾಸು. ಅಷ್ಟರಾಗ ಎಷ್ಟ ಬರೀತಿದ್ದನೋ ಪುಣ್ಯಾತ್ಮ!' ಬಟ್ಟೆ ಒಣಗಿಸುವ ಲೆಕ್ಕದಲ್ಲಿ ಗದುಗಿನ ನಾರಣಪ್ಪನನ್ನು ಅಳೆದವಳು ಇವಳೊಬ್ಬಳೇ ಇರಬೇಕು. ಹುಡುಗ ಮಾತ್ರ ಗಂಭೀರವಾಗಿ, ಮಳೆಗಾಲದಲ್ಲಿ ಜಾಸ್ತಿ ಬರೆದಿರಬೇಕು ಮಾಮಾ ಎಂದ. ಕರಪತ್ರ ಈ ಗುಡಿಗೆ ಕೊಟ್ಟಿರುವುದು ಒಂದೇ ಸಾಲು, 'ಐತಿಹಾಸಿಕ ಹಾಗೂ ಧಾರ್ಮಿಕ ಮಹತ್ವವುಳ್ಳ ದೇವಾಲಯ.' ಕಂಬದ ಸುದ್ದಿಯೇ ಇಲ್ಲ. ನಾನು ಅಲ್ಲಿ ಎರಡನೇ ಸಲ ಬಾಯಿ ಬಿಡದಿದ್ದರೆ ಮೈಸೂರಿನವರು ಕೈಮುಗಿದು, ತೀರ್ಥ ತೆಗೆದುಕೊಂಡು, ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಿದ್ದರು.

ಬಸ್ಸಿನಲ್ಲಿ ಚಿಗವ್ವ, ಅಕ್ಕ ಇಬ್ಬರೂ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡರು. 2023ರಿಂದ ಕರ್ನಾಟಕದ ಹೆಂಗಸರಿಗೆ ಸಾದಾ ಸರ್ಕಾರಿ ಬಸ್ಸು ಉಚಿತ, ಶನಿವಾರ ಭಾನುವಾರ ಗುಡಿ ನೋಡಲು ಹೊರಟ ಹೆಂಗಸರ ಗುಂಪುಗಳು ಬಸ್ಸಿನ ತುಂಬ. ಇವರೂ ಪ್ರವಾಸಿಗರೇ ತಾನೆ? ಕರಪತ್ರದ ಚಿತ್ರಗಳಲ್ಲಿ ಪ್ರವಾಸಿಗರು ಎಂದರೆ ಬೆನ್ನಿಗೆ ದೊಡ್ಡ ಚೀಲ ಹಾಕಿದ ಬಿಳಿಯರು, ಕಪ್ಪು ಕನ್ನಡಕದ ಹುಡುಗ ಹುಡುಗಿ. ಬುತ್ತಿ ಗಂಟು ಹಿಡಿದ ಒಬ್ಬ ಚಿಗವ್ವನೂ ಇಲ್ಲ.

ಲಕ್ಕುಂಡಿಯಲ್ಲಿ ಕರಪತ್ರದ ಮರ್ಯಾದೆ ಪೂರ್ತಿ ಹೋಯಿತು. ಹುಡುಗ ಕಾಶಿವಿಶ್ವನಾಥ ಗುಡಿಯ ಮುಂದೆ ಕಾಗದ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ಹೋಲಿಸಿ ನೋಡಿದ. 'ಮಾಮಾ, ಇದು ಆ ಗುಡಿ ಅಲ್ಲ.' ನಿಜವಾಗಿಯೂ ಅಲ್ಲ. ಬಾಗಿಲುವಾಡದ ಚಿತ್ರವೇನೋ ಇಲ್ಲಿಯದೇ, ಆದರೆ ಕಾಶಿವಿಶ್ವನಾಥ ಎಂದು ಬರೆದು ಹಾಕಿರುವ ದೊಡ್ಡ ಫೋಟೋ ಬ್ರಹ್ಮ ಜಿನಾಲಯದ್ದು. ಶಿವನ ಗುಡಿಗೆ ಬಸದಿಯ ಚಿತ್ರ! ಅವನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಪೆನ್ನಿನಿಂದ ಒಂದು ಬಾಣ ಎಳೆದು ಹೆಸರು ಅದಲು ಬದಲು ಮಾಡಿದ.

ಈ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ್ದು ಅತ್ತಿಮಬ್ಬೆ. ಸಾವಿರ ವರ್ಷ ದಾಟಿದೆ. ಹೊರಗೆ ದೊಡ್ಡ ಸದ್ದುಗದ್ದಲ ಇಲ್ಲದ ಗುಡಿ, ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ, ಇನ್ನೊಂದು ಕಡೆ ಪದ್ಮಾವತಿ. ಅತ್ತಿಮಬ್ಬೆಯ ಬಗ್ಗೆ ನನಗೆ ಯಾವಾಗಲೂ ಆಶ್ಚರ್ಯ ಆಗುವುದು ಗುಡಿ ಕಟ್ಟಿಸಿದ್ದಕ್ಕಲ್ಲ. ಪೊನ್ನ ಬರೆದ ಶಾಂತಿಪುರಾಣ ಅಳಿಸಿ ಹೋಗಬಾರದು ಎಂದು ಅದರ ಸಾವಿರ ಪ್ರತಿ ಬರೆಸಿ ಹಂಚಿದಳಲ್ಲ, ಅದಕ್ಕೆ. ಪ್ರೆಸ್ಸಿಲ್ಲ, ಜೆರಾಕ್ಸಿಲ್ಲ, ಓಲೆಗರಿಯ ಮೇಲೆ ಮೊನಚಾದ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ಅಕ್ಷರ ಕೊರೆಯಬೇಕು. ರನ್ನನಿಗೆ ಆಸರೆಯಾಗಿ ಅಜಿತಪುರಾಣ ಬರೆಸಿದವಳೂ ಇವಳೇ. ಪ್ರಚಾರ ಎಂದರೆ ಹೇಗಿರಬೇಕು ಎಂದು ಈ ಊರಿನಲ್ಲಿ ಸಾವಿರ ವರ್ಷದ ಹಿಂದೆಯೇ ಒಬ್ಬಳು ತೋರಿಸಿ ಹೋಗಿದ್ದಾಳೆ, ಇವರು ಅವಳ ಹೆಸರಿನಲ್ಲೇ ಏತ್ವ ಬಿಟ್ಟಿದ್ದಾರೆ.

ಮುಸುಕಿನ ಬಾವಿಗೆ ಬರುತ್ತೇನೆ. ಭಾವನನ್ನು ಇಲ್ಲಿಯತನಕ ಎಳೆದು ತಂದದ್ದು ಅದೇ. ಕರಪತ್ರದ ಚಿತ್ರ ಡ್ರೋನ್‌ನಿಂದ ತೆಗೆದದ್ದು. ಮೇಲಿನಿಂದ ನೋಡಿದರೆ ಚೌಕದೊಳಗೆ ಚೌಕ, ರಂಗೋಲಿ ಹಾಕಿದ ಹಾಗೆ. ಅದೇ ಮಂಡಳಿಯ ರೀಲ್ಸಿನಲ್ಲೂ ಡ್ರೋನೇ, ಹಿಂದೆ ಢಂ ಢಂ ಎಂದು ಸಂಗೀತ. ಆದರೆ ನಾವು ಹಕ್ಕಿಗಳಲ್ಲವಲ್ಲ, ನಡೆದು ಬಂದವರು. ಮಾಣಿಕೇಶ್ವರ ಗುಡಿಯ ಪಕ್ಕದಲ್ಲಿ ನಿಂತರೆ ಆ ಚೌಕ ಕಾಣುವುದಿಲ್ಲ. ಭಾವನ ಮುಖ ಸಣ್ಣಗಾಯಿತು. 'ಇದೇನಾ? ಫೋಟೋದಲ್ಲಿ ದೊಡ್ಡದಾಗಿ ಕಾಣ್ತಿತ್ತು.'

ಆ ಹೊತ್ತಿಗೆ ಚಿಗವ್ವ ಆಗಲೇ ಮೆಟ್ಟಿಲ ಹತ್ತಿರ ಹೋಗಿದ್ದಳು. ಮೂರು ಕಡೆ ಮೆಟ್ಟಿಲು, ಮೆಟ್ಟಿಲ ಸಾಲಿನ ನಡುನಡುವೆ ಗೋಡೆಗೆ ಅಂಟಿಕೊಂಡ ಪುಟ್ಟ ಪುಟ್ಟ ಗುಡಿಗಳು. ದೇವರ ಜಗಲಿಯ ಮೇಲಿನ ಮಂಟಪದಷ್ಟೇ ಗಾತ್ರ, ಆದರೆ ಅದಕ್ಕೂ ಶಿಖರ ಇದೆ. ಕೂತು ನೋಡಿದರೆ ಒಂದೊಂದು ಹೊತ್ತಿಗೆ ನೆರಳು ಒಂದೊಂದು ಮೆಟ್ಟಿಲ ಮೇಲೆ ಜಾರುತ್ತದೆ, ಕಲ್ಲು ಒಂದು ಕಡೆ ಬೆಚ್ಚಗೆ, ಒಂದು ಕಡೆ ತಣ್ಣಗೆ. ನೀರು ಹಸಿರುಗಟ್ಟಿತ್ತು. ಅಂಚಿಗೆ ಸವೆದ ಒಂದು ಮೆಟ್ಟಿಲನ್ನು ತೋರಿಸಿ ಚಿಗವ್ವ ಹೇಳಿದಳು, 'ಇಲ್ಲಿ ನೋಡು, ಕೊಡ ಇಟ್ಟು ಇಟ್ಟು ಸವದೈತಿ.' ಕೊಡವೋ ಕಾಲೋ ನನಗೆ ಗೊತ್ತಿಲ್ಲ, ಆದರೆ ಭಾವ ಕೂತು ಆ ಕಲ್ಲಿನ ಮೇಲೆ ಕೈಯಾಡಿಸಿದರು, ಆಮೇಲೆ ಮುಕ್ಕಾಲು ತಾಸು ಮೇಲೇಳಲಿಲ್ಲ. ಡ್ರೋನು ಕೊಟ್ಟ ಆಸೆ ಬೇರೆ, ಬಾವಿ ಕೊಟ್ಟದ್ದು ಬೇರೆ. ನಿಂತ ಮನುಷ್ಯನ ಕಣ್ಣಿಗೆ ಕಾಣುವಂಥ ಒಂದು ಫೋಟೋ ಹಾಕಿದ್ದರೆ ಮೊದಲಿನ ಆ ನಿರಾಸೆ ಆಗುತ್ತಿರಲಿಲ್ಲ.

ಊಟ. ಕರಪತ್ರದಲ್ಲಿ ಊಟದ ಮಾತು ಎಷ್ಟಿದೆ ಗೊತ್ತಾ? 'ಉತ್ತರ ಕರ್ನಾಟಕದ ರುಚಿಕರ ಖಾದ್ಯಗಳನ್ನು ಸವಿಯಬಹುದು.' ಮುಗಿಯಿತು. ಗದಗಿನಲ್ಲಿ ಕೂತುಕೊಂಡು ಬದನೇಕಾಯಿ ಭಜಿಯ ಹೆಸರು ಹೇಳದೆ ಪ್ರವಾಸಿಗರನ್ನು ಕರೆಯುವುದೆಂದರೆ, ಧಾರವಾಡಕ್ಕೆ ಕರೆದು ಪೇಡೆ ಮುಚ್ಚಿಟ್ಟ ಹಾಗೆ. ನಾವು ಲಕ್ಕುಂಡಿಯಿಂದ ವಾಪಸ್ ಗದಗಿಗೆ ಬಂದು ಒಂದು ಸಣ್ಣ ಖಾನಾವಳಿಯಲ್ಲಿ ಕುಳಿತೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೇಲೆ ಗಟ್ಟಿ ಮೊಸರು, ಪಕ್ಕದಲ್ಲಿ ಹೋಳು ಮಾಡಿದ ಉಳ್ಳಾಗಡ್ಡಿ. ಬಡಿಸುವ ಅಕ್ಕ ಹುಡುಗನ ತಾಟಿನಲ್ಲಿ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಹಾಕುತ್ತಿದ್ದರು. ಅವನು ಸಾಕು ಎಂದು ಕೈ ಅಡ್ಡ ಹಿಡಿದರೆ, ಕೈಯ ಮೇಲೆಯೇ ಇಟ್ಟು ಹೋದರು. ಮೈಸೂರಿನ ಭಾವ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಲೇ ನಾಲ್ಕು ರೊಟ್ಟಿ ಹೊಡೆದರು. ಇಂಥ ಒಂದು ತಾಟಿನ ಫೋಟೋ ಕರಪತ್ರದ ಮೊದಲ ಮಡಿಕೆಯಲ್ಲಿ ಹಾಕಿದ್ದರೆ ಅರ್ಧ ಬೆಂಗಳೂರು ರೈಲು ಹತ್ತುತ್ತಿತ್ತು.

ಒಂದೇ ದಿನದಲ್ಲಿ ಕರಪತ್ರದ ಕ್ರಮದಲ್ಲಿ ತಿರುಗಲು ಹೋಗಬೇಡಿ, ಇದು ನನ್ನ ಕಳಕಳಿಯ ಮಾತು. ಅವರು ಕೊಟ್ಟ ಸಂಖ್ಯೆಯ ಪ್ರಕಾರ ಲಕ್ಕುಂಡಿ ಆದ ಮೇಲೆ ಲಕ್ಷ್ಮೇಶ್ವರ, ಅಲ್ಲಿಂದ ಡಂಬಳ, ಅಲ್ಲಿಂದ ಮಾಗಡಿ ಕೆರೆ. ಗಾಣದ ಎತ್ತಿನ ಹಾಗೆ ಸುತ್ತಬೇಕು. ಲಕ್ಕುಂಡಿ, ಡಂಬಳ ಊರಿನ ಒಂದು ಮಗ್ಗುಲಿಗೆ, ಮಾಗಡಿ, ಲಕ್ಷ್ಮೇಶ್ವರ ಇನ್ನೊಂದು ಮಗ್ಗುಲಿಗೆ. ಎರಡೆರಡು ಜೋಡಿ ಮಾಡಿಕೊಂಡರೆ ಎರಡು ದಿನಕ್ಕೆ ಸರಿಹೋಗುತ್ತದೆ. ಗಾಡಿ ಇದ್ದವರು ಡಂಬಳದ ಆಚೆ ಕಪ್ಪತಗುಡ್ಡವನ್ನೂ ಸೇರಿಸಿಕೊಳ್ಳಬಹುದು, ಮಳೆ ಬಿದ್ದ ಮೇಲೆ ಚೆಂದ.

ಮಾಗಡಿ ಕೆರೆಯ ವಿಷಯದಲ್ಲಂತೂ ಕರಪತ್ರ ಜನರ ದಾರಿ ತಪ್ಪಿಸುತ್ತದೆ. ನೀರಿನ ತುಂಬ ಹಕ್ಕಿಗಳ ಚಿತ್ರ ಹಾಕಿ, ಕೆಳಗೆ 'ವರ್ಷಪೂರ್ತಿ ಭೇಟಿ ನೀಡಬಹುದು' ಎಂದು ಬರೆದಿದ್ದಾರೆ. ಭೇಟಿ ನೀಡಬಹುದು, ಹಕ್ಕಿ ಇರಬೇಕಲ್ಲ! ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಆ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಬರುವಂಥವು. ಚಳಿಗಾಲದ ಅತಿಥಿಗಳು, ನವೆಂಬರ್ ಹೊತ್ತಿಗೆ ಇಳಿಯುತ್ತವೆ, ಮಾರ್ಚ್ ಬರುವಷ್ಟರಲ್ಲಿ ಗಂಟುಮೂಟೆ ಕಟ್ಟುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ಕೆರೆಯಲ್ಲಿ ಕೂರುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮಟ್ಟದಲ್ಲಿ ಕಾಪಾಡಬೇಕಾದ ಜೌಗು ನೆಲ ಎಂದು ಹೆಸರಾಯಿತು. ಆ ಸುದ್ದಿಯೂ ಕರಪತ್ರದಲ್ಲಿಲ್ಲ. ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋದವರು ಬಿಸಿಲು ನೋಡಿಕೊಂಡು ಬರಬೇಕು. ಆಮೇಲೆ ಅವರು ಬೈಯುವುದು ಕಾಗದವನ್ನಲ್ಲ, ಊರನ್ನು.

ಇನ್ನೊಂದು ಮಾತು, ನನ್ನ ಪ್ರಕಾರ ದೊಡ್ಡದು. ಹುಬ್ಬಳ್ಳಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿ ಗದಗ, ಲಕ್ಕುಂಡಿ ಮೇಲೆಯೇ ಹೋಗುತ್ತದೆ. ಹಂಪಿಗೆ ಹೋಗುವವರು ಹುಬ್ಬಳ್ಳಿಯಲ್ಲಿ ವಿಮಾನ ಇಳಿದು, ಗೋವಾದಿಂದ ಗಾಡಿ ಮಾಡಿಕೊಂಡು, ದಿನಾ ಈ ದಾರಿಯಲ್ಲೇ ಸುಯ್ಯೆಂದು ಹೋಗುತ್ತಾರೆ. ಲಕ್ಕುಂಡಿಯ ನಿಜವಾದ ಗಿರಾಕಿ ಅವರು. ಅವರನ್ನು ಪ್ಯಾರಿಸ್‌ನಿಂದಲೋ ಬೆಂಗಳೂರಿನಿಂದಲೋ ಬೇರೆ ಕರೆಯಬೇಕಾಗಿಲ್ಲ, ಆಗಲೇ ಬಂದಾಗಿದೆ, ಗಾಡಿ ನಿಲ್ಲಿಸಿದರೆ ಸಾಕು. 'ಹಂಪಿಗೆ ಹೊರಟಿದ್ದೀರಾ? ದಾರಿಯಲ್ಲೇ ಇದ್ದೇವೆ, ಎರಡು ತಾಸು ಕೊಡಿ' ಎಂದು ಹೇಳುವ ಒಂದು ಸಾಲು ಈ ಕಾಗದದಲ್ಲಿ ಎಲ್ಲೂ ಇಲ್ಲ. ಕಾಗದ ಹಂಚುವುದಾದರೆ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಹಂಚಬೇಕು, ಹೆದ್ದಾರಿಯ ಚಹಾದಂಗಡಿಗಳಲ್ಲಿ ಇಡಬೇಕು. ನನಗೆ ಸಿಕ್ಕಿದ್ದು ಉಪ್ಪಿನಕಾಯಿ ಮಳಿಗೆಗೂ ಹಾಸಿಗೆ ಮಳಿಗೆಗೂ ನಡುವೆ.

ಬಿಟ್ಟುಹೋದದ್ದನ್ನು ಬರೆಯುತ್ತ ಹೋದರೆ ಮುಗಿಯುವುದಿಲ್ಲ. ಬೆಟಗೇರಿಯ ಮಗ್ಗಗಳು ಇಲ್ಲ, ಬೆಟಗೇರಿಯ ವೀರಗಲ್ಲುಗಳೂ ಇಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ರೈತರು ಕಟ್ಟಿಕೊಂಡ ಸಹಕಾರ ಸಂಘ ದೇಶದಲ್ಲೇ ಆ ಬಗೆಯ ಮೊದಲನೆಯದು ಎನ್ನುತ್ತಾರೆ, ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅದೂ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಭಾವನಂಥವರಿಗೆ ಅದು ಗುಡಿಗಿಂತ ದೊಡ್ಡ ಸುದ್ದಿ.

ಸಂಜೆ ರೈಲಿಗೆ ಇನ್ನೂ ಹೊತ್ತಿತ್ತು, ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದೆವು. ಕರಪತ್ರದಲ್ಲಿ ಇದು ಇದೆ, ಪುಟ್ಟರಾಜ ಗವಾಯಿಗಳ ಫೋಟೋ ಕೂಡ ಇದೆ. ಆದರೆ ಇದನ್ನೂ ಗುಡಿಗಳ ಸಾಲಿನಲ್ಲೇ ಹಾಕಿದ್ದಾರೆ, 'ಪವಿತ್ರ ಕ್ಷೇತ್ರ' ಎಂದು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅವರ ಶಿಷ್ಯ ಪುಟ್ಟರಾಜರಿಗೂ ಕಾಣುತ್ತಿರಲಿಲ್ಲ. ಇಬ್ಬರೂ ಸೇರಿ ಕಣ್ಣಿಲ್ಲದ, ದುಡ್ಡಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪುಟ್ಟರಾಜರು 2010ರಲ್ಲಿ ಹೋದರು, ಪಾಠ ನಿಂತಿಲ್ಲ. ನಾವು ಹೋದಾಗ ಒಳಗಡೆ ಎಲ್ಲೋ ಹಾರ್ಮೋನಿಯಂ ನುಡಿಯುತ್ತಿತ್ತು. ಯಾರೋ ಒಬ್ಬ ಹುಡುಗ ಒಂದೇ ಸಾಲನ್ನು ಹಿಡಿದುಕೊಂಡಿದ್ದ, ಒಂದು ಕಡೆ ತಪ್ಪುತ್ತಿತ್ತು, ನಿಲ್ಲಿಸಿ ಮತ್ತೆ ಮೊದಲಿನಿಂದ. ತಪ್ಪಿದಲ್ಲೇ ತಪ್ಪುತ್ತಿತ್ತು. ನಮ್ಮ ಹುಡುಗ ಮೆಟ್ಟಿಲ ಮೇಲೆ ಕುಳಿತು, ಆ ಜಾಗ ಬಂದಾಗಲೆಲ್ಲ ಉಸಿರು ಹಿಡಿಯತೊಡಗಿದ. ಎಂಟನೇ ಸಲವೋ ಒಂಬತ್ತನೇ ಸಲವೋ ಸರಿಯಾಗಿ ಬಂತು, ಇವನು ಇಲ್ಲಿ ಕೂತು ಹೂಂ ಎಂದ. ಚಿಗವ್ವ ಮಾತೇ ಆಡಲಿಲ್ಲ, ಅದು ನಮ್ಮ ಮನೆಯಲ್ಲಿ ದೊಡ್ಡ ವಿಷಯ.

ಇಂಥದ್ದನ್ನು ಕಾಗದದಲ್ಲಿ ಹೇಗೆ ಹಾಕುವುದು ಎಂದು ಕೇಳಿದರೆ, 'ಸಂಜೆ ಹೋಗಿ, ಹುಡುಗರು ಹಾಡುವುದು ಕೇಳಿಸಿದರೆ ಸುಮ್ನೆ ಕೂತುಕೊಳ್ಳಿ' ಎಂದು ಹಾಕಬಹುದಿತ್ತಪ್ಪ. ಇಷ್ಟೇ ಸಾಲು.

ಮಾರ್ಕ್ಸ್: ಫೋಟೋಕ್ಕೆ ಐದಕ್ಕೆ ಐದು, ಒಂದು ಹೆಸರು ತಪ್ಪಿದ್ದಕ್ಕೆ ಅರ್ಧ ಕಟ್. ಬರವಣಿಗೆಗೆ ಒಂದು. ನಕ್ಷೆಗೆ ಸೊನ್ನೆ. ಕಾಗದಕ್ಕೆ ನಾಲ್ಕು, ಯಾಕೆಂದರೆ ಭಜಿಯ ಎಣ್ಣೆ ಬಿದ್ದರೂ ಹರಿಯಲಿಲ್ಲ. ಫೋನಿಗೆ ಸೋಮವಾರ ಕೊಡುತ್ತೇನೆ.

ನಮ್ಮ ಪ್ರತಿ ಈಗ ಹೇಗಿದೆ ಎಂದರೆ, ಗುಡಿಗಳ ಹೆಸರು ಬಾಣ ಹಾಕಿ ತಿದ್ದಿದೆ, ಕನ್ನಡದ ಕಡೆ ಚಿಗವ್ವನ ಅಕ್ಷರದಲ್ಲಿ ಕಿಲೋಮೀಟರ್ ಇವೆ, ನಕ್ಷೆಯ ಮೇಲೆ ಆಟೋದವರು ಹೇಳಿದ ಕ್ರಮವನ್ನು ಭಾವ ಒಂದು ಎರಡು ಮೂರು ಎಂದು ಬರೆದಿದ್ದಾರೆ, ಖಾನಾವಳಿ ಇರುವ ಓಣಿಗೆ ಒಂದು ಗುರುತು ಇದೆ. ಮೊನ್ನೆ ಪಕ್ಕದ ಮನೆಯವರು ಗದಗಿಗೆ ಹೊರಟಾಗ ನನ್ನ ಹತ್ತಿರ ಹೊಸ ಕರಪತ್ರ ಒಂದು ಉಳಿದಿತ್ತು, ಅದನ್ನು ಕೊಡಲು ಹೋದೆ. ಚಿಗವ್ವ ತಡೆದು ಹಳೆಯದನ್ನೇ ಕೊಟ್ಟು ಕಳಿಸಿದಳು, ವಾಪಸ್ ತಂದುಕೊಡಬೇಕು ಎಂದು ಎರಡು ಸಲ ಹೇಳಿ.